ಟೆಂಪೊ ಕಪ್ಪು ಹೊಗೆ ಬಿಟ್ಟ ಮೇ ತಿಂಗಳು

ಆ ದಿನಗಳಲ್ಲಿ ನಮ್ಮಲ್ಲಿ ಬಾಯಿ ಇದ್ದ ವಸ್ತುಗಳಿಗೆಲ್ಲ ಬಟ್ಟೆ ಕಟ್ಟಿರುತ್ತಿತ್ತು, ನನ್ನ ಬಾಯಿ ಒಂದನ್ನು ಬಿಟ್ಟು. ನಲ್ಲಿಯ ಬಾಯಿಗೆ ಬಟ್ಟೆ, ದೋಸೆ ಹಿಟ್ಟಿನ ಡ್ರಮ್ಮಿಗೆ ಬಟ್ಟೆ, ಉದ್ದು ನೆನೆಹಾಕಿದ ಪಾತ್ರೆಗೆ ಬಟ್ಟೆ. ಎಲ್ಲವೂ ಅಪ್ಪನ ಹಳೆಯ ಪಂಚೆಯ ತುಂಡುಗಳು. ಅಮ್ಮ ಅವನ್ನು ಚೌಕಚೌಕವಾಗಿ ಹರಿದು, ಸೋಪು ಮುಟ್ಟಿಸದೆ ಬರೀ ನೀರಿನಲ್ಲಿ ಕುದಿಸಿ, ತಂತಿಯ ಮೇಲೆ ಒಣಗಿಸುತ್ತಿದ್ದಳು. ಹಿಟ್ಟಿನ ವ್ಯಾಪಾರದವರು ಒಂದು ನೊಣಕ್ಕೆ ಹೆದರುವಷ್ಟು ಹುಲಿಗೂ ಹೆದರುವುದಿಲ್ಲ. "ಮೊದಲು ಬಾಯಿ ಕಟ್ಟು, ಮತ್ತೆ ಬೇರೆ ಮಾತು" ಎಂಬುದನ್ನು ನಾನು ಅಮ್ಮನಿಂದ ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ. ಅದರಲ್ಲಿ ಐದು ಸಲ ನನಗೇ ಹೇಳಿದ್ದು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದಿರಬೇಕು. ಡೊಂಬಿವಲಿಯಲ್ಲಿ ನಮ್ಮ ಕಟ್ಟಡದ ಹಿಂಭಾಗದಲ್ಲೇ ಅಪ್ಪ ಒಂದು ಗಾಳಾ ಹಿಡಿದಿದ್ದರು. ಶಟರ್ ಎಳೆಯುವ ಉದ್ದನೆಯ ಕೋಣೆ, ಮೇಲೆ ಒಂದು ಅಟ್ಟ, ಕೆಳಗೆ ನಾಲ್ಕು ಗ್ರೈಂಡರು. ಅಲ್ಲಿ ರುಬ್ಬಿದ ಇಡ್ಲಿ-ದೋಸೆ ಹಿಟ್ಟು ಬೆಳಗ್ಗೆ ಐದೂವರೆಗೆ ಟೆಂಪೊ ಹತ್ತಿ ಕಲ್ಯಾಣ, ವಿಠ್ಠಲವಾಡಿ, ಆಮೇಲೆ ಠಾಣೆಯ ವರ್ತಕ ನಗರದವರೆಗೆ ನಮ್ಮವರ ಹೋಟೆಲುಗಳಿಗೆ ಹೋಗುತ್ತಿತ್ತು. ಗಾಳಾದ ಆ ವಾಸನೆ, ನೆಂದ ಉದ್ದಿನದು, ಒದ್ದೆ ಗೋಣಿಯದು, ಸಣ್ಣಗೆ ಹುಳಿಯೇರುತ್ತಿರುವ ಹಿಟ್ಟಿನದು, ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನಾನು ನಿಂತುಬಿಡುತ್ತೇನೆ.

ಟೆಂಪೊ ಓಡಿಸುತ್ತಿದ್ದವನು ಭೋಜಣ್ಣ. ಅವನೂ ಅಪ್ಪನೂ ಕಾಪು ಕಡೆಯ ಒಂದೇ ಊರಿನವರು. ಮೀಸೆ ಮೂಡುವ ಮೊದಲೇ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಹೋಟೆಲಿನಲ್ಲಿ ಲೋಟ ತೊಳೆದು, ಒಂದೇ ಚಾಪೆಯ ಎರಡು ಅಂಚಿನಲ್ಲಿ ಮಲಗಿದವರು. ಮುಂದೆ ಅಪ್ಪ ಹಿಟ್ಟಿಗೆ ಇಳಿದರು, ಭೋಜಣ್ಣ ಗಾಡಿ ಕಲಿತ. ಅವನ ಹೆಂಡತಿ ಮತ್ತು ಮಗಳು ಊರಿನಲ್ಲಿ, ಅವನು ನಮ್ಮ ಗಾಳಾದ ಅಟ್ಟದಲ್ಲಿ, ಊಟ ನಮ್ಮ ಮನೆಯಲ್ಲಿ. ನಾವೆಲ್ಲ ಆಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಭೋಜಣ್ಣನ ಮಾತಿನ ಅರ್ಧ ರುಚಿ ಅಲ್ಲೇ ಉಳಿದುಹೋಯಿತು ಎಂದು ತಿಳಿದುಕೊಳ್ಳಿ.

ಮೇ ರಜೆ ಬಂತೆಂದರೆ ಟೆಂಪೊದ ಮುಂದಿನ ಸೀಟು ನನ್ನದು. ನನಗಾಗ ಹನ್ನೊಂದು ವರ್ಷ. ಕಟ್ಟಡದ ಹುಡುಗಿಯರು ಲಗೋರಿ, ಕುಂಟೆಬಿಲ್ಲೆ ಎಂದು ಕರೆದರೆ ನಾನು ಮೂಗು ಮುರಿಯುತ್ತಿದ್ದೆ. ನನ್ನದೂ ಭೋಜಣ್ಣನದೂ ಬೇರೆಯೇ ಆಟ. ಮುಂದೆ ಹೋಗುವ ಲಾರಿಯ ಹೊಗೆ ನೋಡಿ ಅದರ ಕಾಯಿಲೆ ಹೇಳಬೇಕು. ಬಿಳಿ ಹೊಗೆ ಎಂದರೆ ಎಂಜಿನ್ ಇನ್ನೂ ತಣ್ಣಗಿದೆ, ಇಲ್ಲವೇ ಒಳಗೆ ನೀರು ಸೇರಿದೆ. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ, ಅದು ಮುದುಕ ಎಂಜಿನ್. ಕಪ್ಪು ಎಂದರೆ ಹೊಟ್ಟೆಗೆ ಡೀಸೆಲ್ ಹೆಚ್ಚು, ಮೂಗಿಗೆ ಗಾಳಿ ಕಮ್ಮಿ. ಬಣ್ಣ ಹೇಳಿದರೆ ಸಾಲದು, ಯಾವಾಗ ಬಿಟ್ಟಿತು ಎಂದೂ ಹೇಳಬೇಕು: ಶುರು ಮಾಡುವಾಗಲೋ, ಸೇತುವೆ ಹತ್ತುವಾಗಲೋ, ಸುಮ್ಮನೆ ನಿಂತಾಗಲೂ ಬರುತ್ತದೋ. ಅನುಮಾನ ಬಂದರೆ ಭೋಜಣ್ಣ ತನ್ನ ಬಿಳಿ ಕರವಸ್ತ್ರವನ್ನು ಸೈಲೆನ್ಸರ್ ಮುಂದೆ ಹಿಡಿದು, ಅಂಟಿದ ಮಸಿಯನ್ನು ಬೆರಳಿನಲ್ಲಿ ಉಜ್ಜಿ ನೋಡುತ್ತಿದ್ದ. ಜಿಡ್ಡಾಗಿದ್ದರೆ ಆಯಿಲ್, ಒಣಗಿದ್ದರೆ ಡೀಸೆಲ್. ನಾನು ಐದು ಲಾರಿ ಸರಿಯಾಗಿ ಹೇಳಿದರೆ ವಿಠ್ಠಲವಾಡಿಯ ಹೋಟೆಲಿನಲ್ಲಿ ಅವನ ತಟ್ಟೆಯ ಗೋಳಿಬಜೆ ನನ್ನ ತಟ್ಟೆಗೆ. ಆ ಹೋಟೆಲಿನವರು ಗೋಳಿಬಜೆಯಲ್ಲಿ ಹಸಿಮೆಣಸಿನ ಜೊತೆ ಕೊಬ್ಬರಿ ಚೂರೂ ಹಾಕುತ್ತಿದ್ದರು. ಹಾಗಾಗಿ ನಾನು ಬಲು ಬೇಗ ದೊಡ್ಡ ಡಾಕ್ಟರಾದೆ.

ಕ್ಯಾಬಿನ್ನಿನ ಹಿಂದೆ ಮೇಲಕ್ಕೆ ನಿಂತ ಒಂದು ಕೊಳವೆ ಇತ್ತು. ಟೆಂಪೊ ಉಸಿರಾಡುವುದು ಅದರ ಮೂಲಕ ಎಂದು ಭೋಜಣ್ಣ ತೋರಿಸಿದ್ದ. ಅಲ್ಲಿಂದ ಹೊಕ್ಕ ಗಾಳಿ ಕೆಳಗಿನ ಡಬ್ಬಿಯಲ್ಲಿರುವ ಫಿಲ್ಟರಿನಲ್ಲಿ ಸೋಸಿ ಎಂಜಿನ್ನಿಗೆ ಹೋಗುತ್ತದೆ. ಆ ವರ್ಷ ಶಿಳ್‌ಫಾಟಾ ಕಡೆಯ ರಸ್ತೆಯನ್ನೆಲ್ಲ ಅಗೆದುಹಾಕಿದ್ದರು. ಪ್ರತಿ ಭಾನುವಾರ ಅವನು ಫಿಲ್ಟರ್ ಬಿಚ್ಚಿ ಟಯರಿಗೆ ಬಡಿದು ಧೂಳು ಉದುರಿಸುತ್ತಿದ್ದ. ಉದುರಿದ್ದೆಲ್ಲ ಅವನ ಮೂಗಿಗೇ. ಆಮೇಲೆ ಅರ್ಧ ದಿನ ಕೆಮ್ಮು. ಅಮ್ಮ ಶುಂಠಿ ಕಷಾಯ ಮಾಡಿ ಕೊಡುತ್ತ ಗೊಣಗುತ್ತಿದ್ದಳು, ಅವನು ಕುಡಿಯುತ್ತ ಇನ್ನೂ ಕೆಮ್ಮುತ್ತಿದ್ದ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಹಿಟ್ಟಿನ ಮನೆಯ ಹುಡುಗಿಗೆ ಇದಕ್ಕೆ ಮದ್ದು ಹುಡುಕಲು ಎಷ್ಟು ಹೊತ್ತು ಬೇಕು? ಬಾಯಿ ತೆರೆದಿದೆ, ಧೂಳು ಹೋಗುತ್ತಿದೆ, ಬಟ್ಟೆ ಕಟ್ಟಬೇಕು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ತಂತಿಯಿಂದ ಪಂಚೆಯ ತುಂಡೊಂದನ್ನು ಎಳೆದುಕೊಂಡು ಟೆಂಪೊ ಹತ್ತಿದೆ. ಗಾಡಿಯ ಹಿಂಬದಿಗೆ ಹೊದಿಸಿದ ತಾಡಪತ್ರಿಯ ಅಂಚು ಎತ್ತಿ ಕೈ ಹೊರಗೆ ಚಾಚಿ, ಅಮ್ಮ ಕಲಿಸಿದ ಹಾಗೇ ಎರಡು ಪದರ ಮಾಡಿ, ಕೊಳವೆಯ ಬಾಯಿಗೆ ಹುರಿ ಸುತ್ತಿ ಬಿಗಿದೆ. ತಾಡಪತ್ರಿಯನ್ನು ಮತ್ತೆ ಕೆಳಗೆ ಬಿಟ್ಟರೆ ಬಟ್ಟೆ ಕಾಣುತ್ತಿರಲಿಲ್ಲ. ಮುಂದಿನ ಭಾನುವಾರ ಭೋಜಣ್ಣ ಡಬ್ಬಿ ತೆರೆದು, ಫಿಲ್ಟರ್ ಚೊಕ್ಕವಿರುವುದನ್ನು ಕಂಡು ಕಣ್ಣರಳಿಸಬೇಕು, ಆಗ ನಾನು ಹೇಳಬೇಕು. ಎಲ್ಲ ಯೋಚನೆಯೂ ಆಗಿತ್ತು.

ಮರುದಿನವೇ ಟಿಟ್ವಾಳಾದಿಂದ ಅತ್ತೆ ಬಂದು ನನ್ನನ್ನು ಕರೆದುಕೊಂಡು ಹೋದಳು. ಅಲ್ಲಿ ಅತ್ತೆಯ ಮಕ್ಕಳು, ಕೈರಿ ಎಂಬ ಹಸಿ ಮಾವಿನಕಾಯಿ, ಉಪ್ಪುಖಾರ, ಗಣಪತಿ ಗುಡಿಯ ಪೇಢೆ. ಬಟ್ಟೆಯ ವಿಷಯ ಪೂರ್ತಿ ಮರೆತೆ. ಹದಿನೈದು ದಿನ ಬಿಟ್ಟು ಬಂದರೆ ನಮ್ಮ ಟೆಂಪೊ ಕಪ್ಪು ಹೊಗೆ ಬಿಡುತ್ತಿತ್ತು.

ಅಂಥಿಂಥ ಹೊಗೆಯಲ್ಲ. ಬೆಳಗ್ಗೆ ಶುರು ಮಾಡಿದರೆ ಮೊದಲ ಮಹಡಿಯ ಮರಾಠಿ ಹೆಂಗಸು, ನಾವು ಕಾಕು ಎನ್ನುತ್ತಿದ್ದವರು, ಒಣಹಾಕಿದ ಬಿಳಿ ಬಟ್ಟೆಯ ಮೇಲೆ ಚುಕ್ಕೆಚುಕ್ಕೆ ಮಸಿ. ಅವರು ಮರಾಠಿಯಲ್ಲಿ ಬೈಯಲು ಶುರುವಿಟ್ಟರೆ ಅಮ್ಮ ತುಳುವಿನಲ್ಲಿ ಕ್ಷಮೆ ಕೇಳುತ್ತಿದ್ದಳು. ಸೇತುವೆ ಹತ್ತಲು ಗಾಡಿಗೆ ದಮ್ಮಿಲ್ಲ. ವರ್ತಕ ನಗರ ತಲುಪುವಾಗ ಒಂದು ಗಂಟೆ ತಡ. ಮೇ ತಿಂಗಳ ಬಿಸಿಲಿಗೆ ಹಿಟ್ಟು ಉಕ್ಕಿ, ಹುಳಿ ಬಂದು, ಎರಡು ಡ್ರಮ್ಮು ವಾಪಸು. ಒಬ್ಬ ಹೋಟೆಲಿನವರಂತೂ, ಗಿರಾಕಿ ಕೂತಿರುವಾಗ ಈ ಗಾಡಿ ಬಾಗಿಲ ಮುಂದೆ ನಿಲ್ಲಬಾರದು ಎಂದುಬಿಟ್ಟರು. ಭೋಜಣ್ಣ ಕರವಸ್ತ್ರ ಹಿಡಿದು ನೋಡಿದ. ಒಣ ಮಸಿ. "ಗಾಳಿ ಇಲ್ಲಾ ಡೀಸೆಲು, ಎರಡರಲ್ಲಿ ಒಂದು" ಎಂದ. ತಡದ ಓಡಾಟದಲ್ಲಿ ಎರಡು ಭಾನುವಾರವೂ ಫಿಲ್ಟರ್ ಬಿಚ್ಚಲು ಅವನಿಗೆ ಪುರಸೊತ್ತಾಗಿರಲಿಲ್ಲ. ನಾನೂ ಡಾಕ್ಟರರ ಹಾಗೆ ತಲೆ ಆಡಿಸಿದೆ.

ಅಪ್ಪ ವಿಠ್ಠಲವಾಡಿಯ ಗ್ಯಾರೇಜಿನಿಂದ ರಾಚಪ್ಪ ಮಿಸ್ತ್ರಿಯನ್ನು ಕರೆಸಿದರು. ವಿಜಾಪುರ ಕಡೆಯ ಮನುಷ್ಯ; ಗಾಡಿಯ ಹಿಂದೆ ಕುಕ್ಕುರುಗಾಲಲ್ಲಿ ಕೂತು ಹೊಗೆಯನ್ನು ಐದು ನಿಮಿಷ ಸುಮ್ಮನೆ ನೋಡಿದರು. ಮೊದಲು ಫಿಲ್ಟರ್ ಡಬ್ಬಿಯನ್ನೇ ತೆರೆದರು.

"ಇದನ್ನ ನೋಡ್ರಿ, ನಿನ್ನೆ ಅಂಗಡಿಯಿಂದ ತಂದಾಂಗ ಐತಿ" ಎಂದು ಫಿಲ್ಟರನ್ನು ಎತ್ತಿ ಹಿಡಿದರು. "ಗಾಳಿದೇನೂ ತಕರಾರಿಲ್ಲ."

ನನ್ನ ಎದೆ ಉಬ್ಬಿತು. ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂತು. ಆದರೆ ಎಲ್ಲರ ಮುಖ ಗಂಟಾಗಿತ್ತು. ಇಂಥ ಹೊತ್ತಿನಲ್ಲಿ ಹೇಳಿ ನನ್ನ ಹೊಗಳಿಕೆಯನ್ನು ಯಾಕೆ ಹಾಳುಮಾಡಿಕೊಳ್ಳಲಿ, ಟೆಂಪೊ ಸರಿಯಾದ ಮೇಲೆ, ಎಲ್ಲರೂ ನಗುವಾಗ ಹೇಳೋಣ ಎಂದುಕೊಂಡೆ. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ನಾನು ಅವತ್ತು ಒಂದು ದಿನ ಮುಚ್ಚಿಕೊಂಡೆ.

ಮಿಸ್ತ್ರಿ ನೋಝಲ್ಲುಗಳನ್ನು ಬಿಚ್ಚಿ ಡೀಸೆಲ್ ಚಿಮ್ಮುವುದನ್ನು ನೋಡಿದರು. ಅದೂ ಸರಿಯಿತ್ತು. ಕೊನೆಗೆ ಕೈ ಒರೆಸಿಕೊಳ್ಳುತ್ತ, ಇನ್ನು ಉಳಿದದ್ದು ಎಂಜಿನ್ನಿಗೆ ಡೀಸೆಲ್ ಒತ್ತುವ ಪಂಪು, ಅದನ್ನು ಇಳಿಸಿ ಠಾಣೆಗೆ ಕಳಿಸಬೇಕು, ಗಾಡಿ ನಾಲ್ಕು ದಿನ ನಿಲ್ಲುತ್ತದೆ ಎಂದರು. ಹೊರಡುವಾಗ, ಬೇರೆ ಏನೂ ಮನಸ್ಸಿನಲ್ಲಿಲ್ಲದೆ, ಇನ್ನೊಂದು ಮಾತು ಸೇರಿಸಿದರು: "ಡೀಸೆಲ್‌ನಾಗ ಏನರ ಬೆರೆಸಿದ್ರೂ ಹಿಂಗ ಆಗತೈತ್ರಿ. ಎಲ್ಲಿ ಹಾಕಸ್ತೀರಿ, ಒಮ್ಮೆ ನೋಡ್ರಿ."

ಆ ಮಾತು ಅಪ್ಪನ ತಲೆಯಲ್ಲಿ ಕೂತಿತು. ಹೆದ್ದಾರಿಯ ಬದಿಯಲ್ಲಿ ಕ್ಯಾನುಗಳಲ್ಲಿ ಅಗ್ಗದ ಡೀಸೆಲ್ ಮಾರುತ್ತಾರೆ, ಡ್ರೈವರುಗಳು ಅದನ್ನು ಹಾಕಿಸಿ ಉಳಿದ ದುಡ್ಡು ಜೇಬಿಗಿಳಿಸುತ್ತಾರೆ ಎಂಬುದು ಎಲ್ಲರೂ ಆಡುತ್ತಿದ್ದ ಮಾತು. ಆ ಬೇಸಿಗೆಯಲ್ಲೇ ಭೋಜಣ್ಣ ಊರಿನ ಮನೆಗೆ ಹೊಸ ಹೆಂಚು ಹೊದಿಸಿದ್ದ. ಅಪ್ಪ ಒಂದಕ್ಕೊಂದು ಸೇರಿಸಿದರು. ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ, ಭೋಜಣ್ಣನ ಮುಖ ನೋಡದೆ, ಗಂಜಿಗೆ ಉಪ್ಪಿನಕಾಯಿ ಕಲಸುತ್ತ ಕೇಳಿದರು.

"ಭೋಜ, ಡೀಸೆಲ್ ಎಲ್ಲಿ ಹಾಕಿಸ್ತೀ ನೀನು?"

ಅಷ್ಟೇ ಕೇಳಿದ್ದು. ಭೋಜಣ್ಣ ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೆ ಇಳಿಸಿದ. ಅಮ್ಮ ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು. ಅವನು ಉತ್ತರ ಕೊಡಲಿಲ್ಲ. ಎದ್ದು ಕೈ ತೊಳೆದು, ಟೆಂಪೊದ ಕೀಯನ್ನು ದೇವರ ಫೋಟೋದ ಕೆಳಗಿನ ಮೊಳೆಗೆ ಸಿಕ್ಕಿಸಿ, ನಾಳೆ ನಾಲ್ಕು ಗಂಟೆಯ ಬಸ್ಸಿಗೆ ಊರಿಗೆ ಹೋಗುತ್ತೇನೆ ಎಂದು ಅಮ್ಮನಿಗೆ ಹೇಳಿ ಹೋದ. ಅಪ್ಪನಿಗೆ ಹೇಳಲಿಲ್ಲ.

ಆ ಸಂಜೆ ನಾನು ಅಟ್ಟದ ಏಣಿ ಹತ್ತಿದೆ. ಭೋಜಣ್ಣ ಅಂಗಿಗಳನ್ನು ಮಡಚಿ ಟ್ರಂಕಿಗೆ ಹಾಕುತ್ತಿದ್ದ. ಯಾವಾಗ ಬರುತ್ತೀ ಎಂದು ಕೇಳಿದೆ. "ಗೊತ್ತಿಲ್ಲ ಮಗಾ. ಊರಲ್ಲಿ ರಿಕ್ಷಾ ಓಡಿಸಿದ್ರೂ ಗಂಜಿಗೆ ಸಾಕಾಗ್ತದೆ" ಎಂದ. ನನಗೆ ಅಳು ತಡೆಯಲಿಲ್ಲ. ಅವನು ಕರವಸ್ತ್ರ ಕೊಟ್ಟ. ಅದರಲ್ಲಿ ನಮ್ಮ ಟೆಂಪೊದ ಮಸಿ ಇತ್ತು, ಮುಖವೆಲ್ಲ ಕಪ್ಪಾಯಿತು. ಅವನು ಆಗಲೂ ನಗಲಿಲ್ಲ.

ಮರುದಿನ ಅಪ್ಪ ಟ್ಯಾಂಕಿನ ಡೀಸೆಲನ್ನೆಲ್ಲ ಬಸಿದು ತೆಗೆದು, ತಾವೇ ಪೆಟ್ರೋಲ್ ಪಂಪಿನಿಂದ ಹೊಸದು ತರಲು ಕ್ಯಾನು ಹಿಡಿದು ಹೋದರು. ಭೋಜಣ್ಣ ಊಟಕ್ಕೂ ಬಾರದೆ, ಟ್ರಂಕು ಹೊತ್ತು ಬಸ್ಸು ನಿಲ್ಲುವ ಕಡೆ ಆಗಲೇ ಹೊರಟುಹೋಗಿದ್ದ. ಗಾಳಾದಲ್ಲಿ ನಾನೂ ಅಮ್ಮನೂ ಮಾತ್ರ. ಕೈ ತೊಳೆಯಲು ನಲ್ಲಿ ತಿರುಗಿಸಿದೆ. ನೀರು ದಾರದ ಎಳೆಯ ಹಾಗೆ ಬಂತು.

"ನೀರು ಹೋಯ್ತಾ?" ಎಂದೆ.

"ನೀರುಂಟು. ಬಟ್ಟೆ ಕಟ್ಟಿಕೊಂಡಿದೆ. ಈ ಗಲಾಟೆಯಲ್ಲಿ ತೊಳೀಲಿಕ್ಕೆ ಯಾರಿಗೆ ನೆನಪು" ಎಂದು ಅಮ್ಮ ನಲ್ಲಿಯ ಬಟ್ಟೆ ಬಿಚ್ಚಿದಳು. ಒಳಗೆ ಬೆರಳು ದಪ್ಪ ಕೆಸರು ಮೆತ್ತಿತ್ತು. ನೀರು ಭರ್ರೆಂದು ಸುರಿಯಿತು.

ನಾನು ಕೈಯೊಡ್ಡಿ ನಿಂತೇ ಇದ್ದೆ. ಈವರೆಗೆ ಬಂದ ನೀರು ಚೊಕ್ಕವಾಗಿಯೇ ಇತ್ತು, ಆದರೆ ಎಳೆಯಷ್ಟೇ ಇತ್ತು. ಟೆಂಪೊದ ಫಿಲ್ಟರೂ ಚೊಕ್ಕವಾಗಿಯೇ ಇತ್ತು.

ಓಡಿಹೋಗಿ ಟೆಂಪೊ ಹತ್ತಿ ತಾಡಪತ್ರಿ ಎತ್ತಿದೆ. ನಾನು ಕಟ್ಟಿದ ಬಿಳಿ ಬಟ್ಟೆ ಕೆಮ್ಮಣ್ಣಿನ ಬಣ್ಣವಾಗಿ, ಹಿಟ್ಟಿನ ಪಸೆಯೂ ಧೂಳೂ ಸೇರಿ ಹಪ್ಪಳದಂತೆ ಸೆಟೆದು, ಕೊಳವೆಯೊಳಗೆ ಹೊಟ್ಟೆ ಸೇದಿಕೊಂಡು ಕೂತಿತ್ತು. ಹಲ್ಲಿನಿಂದ ಹುರಿ ಕಚ್ಚಿ ಬಿಚ್ಚಿದೆ. ಅಷ್ಟರಲ್ಲಿ ಅಪ್ಪನ ದನಿ ಕೇಳಿತು. ಬಟ್ಟೆಯನ್ನು ಫ್ರಾಕಿನ ಜೇಬಿಗೆ ತುರುಕಿಕೊಂಡು ಇಳಿದೆ. ಹೌದು, ಹೇಳಲಿಲ್ಲ. ಹೆದರಿಕೆಯಾಗಿತ್ತು. ಹೊಗೆ ನಿಂತರೆ ಎಲ್ಲ ಸರಿಹೋಗುತ್ತದೆ, ಭೋಜಣ್ಣನೂ ಬರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ.

ಅಪ್ಪ ಹೊಸ ಡೀಸೆಲ್ ಸುರಿದು ಗಾಡಿ ಶುರು ಮಾಡಿದರು. ಎರಡು ಸಲ ಜೋರಾಗಿ ಒತ್ತಿದರು. ಸೈಲೆನ್ಸರಿನಿಂದ ಕಂಡೂ ಕಾಣದಷ್ಟು ತೆಳ್ಳಗಿನ ಹೊಗೆ. ಅಪ್ಪ ಇಳಿದು ಬಂದರು. ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ, ಯಾರೋ ಸತ್ತ ಸುದ್ದಿ ಕೇಳಿದವರ ಹಾಗಿದ್ದರು.

"ನೋಡಿದೆಯಾ" ಎಂದರು ಅಮ್ಮನಿಗೆ. "ಡೀಸೆಲ್ಲೇ. ಇಷ್ಟು ವರ್ಷ ಒಟ್ಟಿಗಿದ್ದು ಅವನು ನನಗೆ ಹೀಗೆ ಮಾಡಿದ."

ನಾನು ಹೊಗೆ ನಿಲ್ಲಿಸಿ ಭೋಜಣ್ಣನನ್ನು ಉಳಿಸಿದೆ ಅಂದುಕೊಂಡರೆ, ಅವನನ್ನು ಕಳ್ಳನನ್ನಾಗಿ ಮಾಡಿಬಿಟ್ಟಿದ್ದೆ. ಸುಮ್ಮನಿದ್ದರೆ ಇನ್ನು ಜನ್ಮಪೂರ್ತಿ ಅವನು ಕಳ್ಳನೇ. ಜೇಬಿನಿಂದ ಬಟ್ಟೆ ತೆಗೆದು ಅಪ್ಪನ ಮುಂದೆ ಹಿಡಿದೆ. ಕೊಳವೆಯ ಕಡೆ ಕೈ ತೋರಿಸಿದೆ. ಅಪ್ಪ ಬಟ್ಟೆ ತೆಗೆದುಕೊಂಡು ತಿರುಗಿಸಿ ನೋಡಿದರು. ಮತ್ತೆ ಟೆಂಪೊ ಹತ್ತಿ, ಅದನ್ನೇ ಕೊಳವೆಯ ಬಾಯಿಗೆ ಒತ್ತಿ ಹಿಡಿದು, ಶುರು ಮಾಡಲು ಅಮ್ಮನಿಗೆ ಹೇಳಿದರು. ಅಮ್ಮ ಆಯುಷ್ಯದಲ್ಲಿ ಮೊದಲ ಸಲ ಡ್ರೈವರ್ ಸೀಟಿಗೆ ಹತ್ತಿ, ಅಪ್ಪ ಕೂಗಿ ಹೇಳಿದಂತೆ ಕೀ ತಿರುಗಿಸಿ ಕಾಲು ಒತ್ತಿದಳು. ಕಾಕುವಿನ ಬಟ್ಟೆಯೆಲ್ಲ ಮತ್ತೆ ಕಪ್ಪಾಯಿತು.

ಅಪ್ಪ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಆಗ ಅನಿಸಿತ್ತು. ನನ್ನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ ಗಾಡಿ ಬಿಟ್ಟರು. ಕಲ್ಯಾಣದಲ್ಲಿ ಊರಿನ ಬಸ್ಸು ನಿಲ್ಲುವ ಜಾಗದಲ್ಲಿ ಭೋಜಣ್ಣ ಟ್ರಂಕಿನ ಮೇಲೆ ಕೂತಿದ್ದ. ಟೆಂಪೊ ಬರುವುದನ್ನು ನೋಡಿದವನೇ ಮೊದಲು ಅದರ ಹಿಂದಕ್ಕೆ ಕಣ್ಣು ಹಾಯಿಸಿದ. ಹೊಗೆ ಇಲ್ಲದಿರುವುದು ಅವನಿಗೆ ದೂರದಿಂದಲೇ ಗೊತ್ತಾಯಿತು.

ಅಪ್ಪ ಬಟ್ಟೆಯನ್ನು ಅವನ ಕೈಗಿಟ್ಟರು. "ಕೊಳವೆಗೆ ಇದನ್ನು ಕಟ್ಟಿದ್ದು ನನ್ನ ಮಗಳು, ಭೋಜ. ನಿನ್ನ ಮೇಲೆ ಬಾಯಿ ಮಾಡಿದ್ದು ನಾನು. ತಪ್ಪಾಯ್ತು."

ಭೋಜಣ್ಣ ಬಟ್ಟೆಯನ್ನು ಬಿಡಿಸಿ ನೋಡಿದ. ಆ ಎರಡು ಪದರ, ಆ ಹುರಿಯ ಗಂಟು, ಅಮ್ಮನ ಕೈಯ ಕಟ್ಟು ಅವನಿಗೆ ಗೊತ್ತಿರದ್ದೇ? ಯಾಕೆ ಕಟ್ಟಿದೆ ಎಂದು ನನ್ನನ್ನು ಕೇಳಿದ. ನಿನಗೆ ಕೆಮ್ಮು ಬರುತ್ತದಲ್ಲ, ಅದಕ್ಕೆ ಎಂದೆ. ಅವನು ಬಟ್ಟೆಯನ್ನು ಮಡಚಿ ಜೇಬಿಗಿಟ್ಟ. ಆಮೇಲೆ ನನ್ನ ತಲೆಗೆ ಮೆಲ್ಲಗೆ ಒಂದು ಮೊಟಕಿದ. "ಡಾಕ್ಟರಮ್ಮ, ನನ್ನ ಹತ್ರ ಒಂದು ಮಾತು ಹೇಳಬಹುದಿತ್ತಲ್ಲ."

ಟಿಕೇಟು ಆಗಿತ್ತು, ಮಗಳಿಗೆ ಫೋನೂ ಮಾಡಿಯಾಗಿತ್ತು. ಹಾಗಾಗಿ ಅವನು ಹೋಗಿಯೇ ಹೋದ. ಹದಿನೈದು ದಿನ ಅಪ್ಪನೇ ಟೆಂಪೊ ಓಡಿಸಿದರು. ಮೊದಲ ಮಳೆ ಬಿದ್ದ ವಾರ ಒಂದು ಬೆಳಗ್ಗೆ ಮೊಳೆಯ ಮೇಲೆ ಕೀ ಇರಲಿಲ್ಲ. ಓಡಿ ಹೋಗಿ ನೋಡಿದರೆ ಭೋಜಣ್ಣ ಗಾಜು ಒರೆಸುತ್ತಿದ್ದ. ಸೀಟಿನ ಮೇಲೆ ನನಗೆಂದು ತಂದ ಹಲಸಿನ ಹಪ್ಪಳದ ಕಟ್ಟಿತ್ತು. ಅಂಥ ಸುಖದ ಬೆಳಗು ನನಗೆ ಮತ್ತೆ ಬಂದದ್ದು ಕಡಿಮೆ.

ಅಲ್ಲಿಂದ ಮುಂದೆ ಹೊಸ ರೂಢಿಯೊಂದು ಶುರುವಾಯಿತು. ಡೀಸೆಲ್ ಮುಗಿಯುತ್ತ ಬಂದರೆ ಭೋಜಣ್ಣ ನಾನು ಶಾಲೆಯಿಂದ ಬರುವ ತನಕ ಕಾಯುತ್ತಿದ್ದ. "ಬಾ ಮಗಾ, ಡೀಸೆಲ್ ಹಾಕಿಸುವಾ." ಪಂಪಿನಲ್ಲಿ ನನ್ನನ್ನು ಇಳಿಸಿ ಮೀಟರಿನಲ್ಲಿ ಸೊನ್ನೆ ನೋಡಿಸುತ್ತಿದ್ದ. ಆಮೇಲೆ ಕಾಲಾಖಟ್ಟಾ ರಸ ಹಾಕಿದ ಒಂದು ಐಸಿನ ಗೋಲಾ ಕೊಡಿಸುತ್ತಿದ್ದ. ಮನೆಗೆ ಬಂದು ಮೆಟ್ಟಿಲು ಹತ್ತುವಾಗ, ಎಲ್ಲಿ ಹಾಕಿಸಿದೆವು ಎಂದು ಅಪ್ಪನಿಗೆ ಹೇಳು ಎನ್ನುತ್ತಿದ್ದ. ನಾನು ನೇರಳೆ ನಾಲಿಗೆ ಚಾಚುತ್ತ ಅಪ್ಪನಿಗೆ ಎಲ್ಲ ಒಪ್ಪಿಸುತ್ತಿದ್ದೆ. ಅಪ್ಪ ಹೂಂ ಎನ್ನುತ್ತಿದ್ದರು. ನಾನು ಕಾಲೇಜಿಗೆ ಹೋಗುವವರೆಗೂ ಹೀಗೇ ನಡೆಯಿತು. ಭೋಜಣ್ಣನಿಗೆ ನನ್ನ ಮೇಲಿದ್ದ ಪ್ರೀತಿಗೆ ಇದಕ್ಕಿಂತ ಬೇರೆ ಗುರುತು ಬೇಕೇ ಎಂದು ಎಲ್ಲರಲ್ಲೂ ಹೇಳಿಕೊಂಡು ತಿರುಗಿದೆ.

ಈಗ ಆ ಗಾಳಾ ಇಲ್ಲ, ಅಲ್ಲಿ ಮೊಬೈಲ್ ಅಂಗಡಿ ಇದೆ. ಹಿಟ್ಟು ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಬಟ್ಟೆ ಕಟ್ಟಲು ಅದಕ್ಕೆ ಬಾಯಿಯೇ ಇಲ್ಲ. ನನ್ನ ಮಗನಿಗೆ ಹೊಗೆಯ ಆಟ ಕಲಿಸೋಣವೆಂದರೆ ರಸ್ತೆಯಲ್ಲಿ ಅಂಥ ಹೊಗೆ ಕಾಣುವುದೇ ಅಪರೂಪ. ಗಾಡಿಗೆ ಕಾಯಿಲೆಯಾದರೆ ವೈರು ಚುಚ್ಚಿದ ಯಂತ್ರವೇ ಹೇಳುತ್ತದೆ. ಒಳ್ಳೆಯದೇ, ಕಾಕುವಿನಂಥವರ ಬಟ್ಟೆ ಬೆಳ್ಳಗಿರಲಿ. ಆದರೂ ಕರವಸ್ತ್ರದ ಮಸಿ ಉಜ್ಜಿ ನೋಡುವ ಆ ಎರಡು ಬೆರಳು ನೆನಪಾಗುತ್ತವೆ.

ಹೋದ ವರ್ಷ ಊರಿನಿಂದ ಭೋಜಣ್ಣ ತೀರಿಕೊಂಡ ಸುದ್ದಿ ಬಂತು. ಅಪ್ಪ ಈಗ ನಮ್ಮ ಜೊತೆಗೇ ಇದ್ದಾರೆ. ಆ ಸಂಜೆ ಅವರ ಪಕ್ಕ ಕೂತು ಡೀಸೆಲ್ ಪಂಪಿನ ಕಥೆಯನ್ನೂ ಗೋಲಾದ ಕಥೆಯನ್ನೂ ಹೇಳುತ್ತ, ಎಷ್ಟು ಪ್ರೀತಿ ಅವನಿಗೆ ನನ್ನ ಮೇಲೆ ಎಂದೆ.

"ಪ್ರೀತಿ ಇತ್ತು" ಎಂದರು ಅಪ್ಪ. "ಅವನು ನಿನ್ನನ್ನು ಕರಕೊಂಡು ಹೋಗ್ತಿದ್ದದ್ದು ಅವತ್ತು ಊಟಕ್ಕೆ ಕೂತಾಗ ನಾನು ಕೇಳಿದ ಪ್ರಶ್ನೆಗೆ ಉತ್ತರ ಕೊಡ್ಲಿಕ್ಕೆ. ಇನ್ನು ಸಾಕು ಭೋಜ, ಒಬ್ಬನೇ ಹೋಗು ಅಂತ ನಾನು ಹೇಳಬೇಕಿತ್ತು. ಪ್ರತಿ ಸಲ ಹೇಳಬೇಕು ಅಂದುಕೊಳ್ತಿದ್ದೆ."

ಅಷ್ಟೂ ವರ್ಷ ಆ ಸೀಟಿನಲ್ಲಿ ಕೂತು ಗೋಲಾ ಚೀಪಿದವಳು ನಾನು. ಸಾಕ್ಷಿಗೆ ಕೂತಿದ್ದೇನೆಂದು ನನಗೆ ಗೊತ್ತಿರಲಿಲ್ಲ.